‘ಗಟ್ಟಿ ಗೇರ್‌ಬಾಕ್ಸ್ ಹಾಕಿದರೆ ಮುಗೀತು’ ನಿಜವೇ? ಎಂಜಿನ್ ಬದಲಿಸಿದ ಟ್ರಕ್ಕಿಗೆ ಆಟೊಮ್ಯಾಟಿಕ್ ಆರಿಸುವ ಲೆಕ್ಕ

ಇಂಥ ವಿಡಿಯೊ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಐವತ್ತು ವರ್ಷ ಹಳೆಯ ಅಮೆರಿಕದ ಪಿಕಪ್ ಟ್ರಕ್ಕು. ಬಣ್ಣ ಮಾಸಿದೆ, ಬಾಗಿಲಿಗೆ ತುಕ್ಕು ಹಿಡಿದಿದೆ. ಹಸಿರು ದೀಪ ಹತ್ತಿದ್ದೇ ತಡ, ಪಕ್ಕದಲ್ಲಿ ನಿಂತಿದ್ದ ಸ್ಪೋರ್ಟ್ಸ್ ಕಾರನ್ನು ಹಿಂದಕ್ಕೆ ಹಾಕಿ ಹೋಗುತ್ತದೆ. ರೇಸ್ ಮುಗಿಸಿ ಅದೇ ಟ್ರಕ್ಕಿನಲ್ಲಿ ಮಾಲೀಕ ಮನೆಗೆ ಹೋಗುತ್ತಾನೆ. ಕೆಳಗಿನ ಬರಹದಲ್ಲಿ ಸಲಹೆಗಳ ಮಳೆ: ಆಟೊಮ್ಯಾಟಿಕ್ ನಾಜೂಕು, ಹಾರ್ಸ್ ಪವರ್ ನಂಬರ್ ನೋಡಿ ಗೇರ್‌ಬಾಕ್ಸ್ ಕೊಳ್ಳಿ, ಎಲ್ಲಕ್ಕಿಂತ ಗಟ್ಟಿಯಾದದ್ದನ್ನೇ ಹಾಕಿ, ಹಳೆಯದೇ ಒಳ್ಳೆಯದು.

ಈ ಸಲಹೆಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ಸುಳ್ಳು. ನಂಬಿ ಹೊರಟವರಿಗೆ ಹಣ ಹೋಗುವುದಷ್ಟೇ ಅಲ್ಲ, ಕಾಲಿಗೂ ಪೆಟ್ಟಾಗಬಹುದು. ಹಾಗಾದರೆ ಸರಿಯಾದ ಲೆಕ್ಕ ಯಾವುದು? ಒಂದೊಂದಾಗಿ ನೋಡೋಣ.

ಏನಿದು ಎಂಜಿನ್ ಬದಲಿಸಿದ ಟ್ರಕ್ಕು?

ಅಮೆರಿಕದಲ್ಲಿ 1967ರಿಂದ 1972ರವರೆಗೆ ಬಂದ ಷೆವ್ರೊಲೆ ಸಿ10 ಪಿಕಪ್‌ಗಳಿಗೆ ಇಂದಿಗೂ ಅಭಿಮಾನಿಗಳಿದ್ದಾರೆ. ಜನರಲ್ ಮೋಟರ್ಸ್ ಕಂಪನಿ 1997ರಲ್ಲಿ ಕಾರ್ವೆಟ್ ಕಾರಿನ ಮೂಲಕ ‘ಎಲ್‌ಎಸ್’ ಎಂಬ ಹೊಸ ವಿ8 ಎಂಜಿನ್ ತಂದಿತು. 1999ರಿಂದ ಅದೇ ಕುಟುಂಬದ 4.8, 5.3 ಮತ್ತು 6.0 ಲೀಟರ್ ಎಂಜಿನ್‌ಗಳು ಅದರ ಪಿಕಪ್‌ಗಳಿಗೂ ಬಂದವು. ಇವು ಲಕ್ಷಗಟ್ಟಲೆ ತಯಾರಾದ್ದರಿಂದ ಗುಜರಿಯಲ್ಲಿ ಸುಲಭವಾಗಿ ಸಿಗುತ್ತವೆ. ಹಳೆಯ ಟ್ರಕ್ಕಿಗೆ ಈ ಹೊಸ ಎಂಜಿನ್ ಕೂರಿಸುವುದು ಅಲ್ಲಿ ಜನಪ್ರಿಯ ಹವ್ಯಾಸ.

ಇಂಥ ಟ್ರಕ್ಕನ್ನು ವಾರವಿಡೀ ರಸ್ತೆಯಲ್ಲಿ ಓಡಿಸಿ, ರಜೆಯ ದಿನ ಡ್ರ್ಯಾಗ್ ರೇಸ್ ಪಟ್ಟಿಗೆ ಒಯ್ಯುವವರಿದ್ದಾರೆ. ಡ್ರ್ಯಾಗ್ ರೇಸ್ ಎಂದರೆ ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ದೂರವನ್ನು ಆದಷ್ಟು ಬೇಗ ಮುಟ್ಟುವುದು. ರಸ್ತೆ ಕೇಳುವುದು ಒಂದು, ಪಟ್ಟಿ ಕೇಳುವುದು ಇನ್ನೊಂದು. ಎರಡನ್ನೂ ಒಂದೇ ಗೇರ್‌ಬಾಕ್ಸ್ ಮಾಡಬೇಕು. ತೊಂದರೆ ಶುರುವಾಗುವುದೇ ಇಲ್ಲಿ.

ನಂಬಿಕೆ 1: ‘ಆಟೊಮ್ಯಾಟಿಕ್ ನಾಜೂಕು, ರೇಸ್‌ಗೆ ಆಗಲ್ಲ’

ಸುಳ್ಳು. ಜನರಲ್ ಮೋಟರ್ಸ್ 1939ರಲ್ಲಿ ಪ್ರಕಟಿಸಿದ ‘ಹೈಡ್ರಾ-ಮ್ಯಾಟಿಕ್’ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಎಂ5 ಸ್ಟುವರ್ಟ್ ಟ್ಯಾಂಕ್‌ಗಳಲ್ಲೂ ಇತ್ತು. 1964ರಲ್ಲಿ ಬಂದ ‘ಟರ್ಬೊ ಹೈಡ್ರಾ-ಮ್ಯಾಟಿಕ್ 400’ (ಇನ್ನು ಮುಂದೆ ಟಿಎಚ್400) ರೋಲ್ಸ್ ರಾಯ್ಸ್ ಸಿಲ್ವರ್ ಶ್ಯಾಡೊ ಕಾರಿಗೂ ಹೋಯಿತು, ಫೆರಾರಿ 400 ಕಾರಿಗೂ ಹೋಯಿತು. ಅದರದೇ ರೂಪ ಅಮೆರಿಕದ ಸೇನೆಯ ಹಮ್ವೀ ವಾಹನದಲ್ಲೂ ಕೆಲಸ ಮಾಡಿದೆ.

ಡ್ರ್ಯಾಗ್ ರೇಸ್‌ನಲ್ಲಿ ಆಟೊಮ್ಯಾಟಿಕ್‌ಗೆ ಬೇರೆ ಲಾಭವೂ ಇದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಕ್ಲಚ್ ಬದಲು ಟಾರ್ಕ್ ಕನ್ವರ್ಟರ್ ಇರುತ್ತದೆ. ಒಂದು ಫ್ಯಾನ್ ಚಾಲೂ ಮಾಡಿ ಎದುರಿಗೆ ಇನ್ನೊಂದು ಫ್ಯಾನ್ ಇಟ್ಟರೆ, ಗಾಳಿಗೆ ಎರಡನೆಯದೂ ತಿರುಗುತ್ತದಲ್ಲ, ಇದೂ ಹಾಗೆಯೇ. ಗಾಳಿಯ ಬದಲು ಇಲ್ಲಿ ಎಣ್ಣೆ ಇರುತ್ತದೆ. ವಾಹನ ನಿಂತಲ್ಲಿಂದ ಹೊರಡುವಾಗ ಈ ಕನ್ವರ್ಟರ್ ಎಂಜಿನ್ನಿನ ತಿರುಗಿಸುವ ಬಲವನ್ನು, ಅಂದರೆ ಟಾರ್ಕ್ ಅನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿ ಗೇರ್‌ಬಾಕ್ಸ್‌ಗೆ ಕೊಡುತ್ತದೆ. ಪ್ರತಿ ಸಲವೂ ಒಂದೇ ರೀತಿ ಹೊರಡಲು ಸಹಾಯವಾಗುತ್ತದೆ.

ನಂಬಿಕೆ 2: ‘ಇಷ್ಟು ಹಾರ್ಸ್ ಪವರ್‌ಗೆ ಈ ಗೇರ್‌ಬಾಕ್ಸ್ ಸಾಕು’

ಅರ್ಧ ಸತ್ಯ. ಜಾಹೀರಾತಿನಲ್ಲಿ ಕಾಣುವ ಆ ಒಂದು ನಂಬರ್ ಪೂರ್ತಿ ಕಥೆ ಹೇಳುವುದಿಲ್ಲ.

ಗೇರ್‌ಬಾಕ್ಸ್‌ನ ಶಾಫ್ಟು, ಕ್ಲಚ್ ಪ್ಲೇಟುಗಳ ಮೇಲೆ ಬೀಳುವ ಹೊರೆ ಟಾರ್ಕ್‌ನದು. 5.3 ಲೀಟರ್ ಎಂಜಿನ್ ಸುಮಾರು 450 ನ್ಯೂಟನ್ ಮೀಟರ್ ಟಾರ್ಕ್ ಕೊಟ್ಟರೆ, ಹೊರಡುವ ಕ್ಷಣ ಕನ್ವರ್ಟರ್ ದಾಟಿ ಗೇರ್‌ಬಾಕ್ಸ್‌ಗೆ ಸುಮಾರು 900 ಬರಬಹುದು. ಇದಕ್ಕೆ ಟರ್ಬೊ ಸೇರಿಸಿದರೆ ಇನ್ನೂ ಏರುತ್ತದೆ.

ಎರಡನೆಯದು ತೂಕ. ಒಂದು ಟನ್ ತೂಗುವ ಕಾರು ಬೇಗ ಮುಂದೆ ಜಾರುತ್ತದೆ. 1.7 ಟನ್ನಿನ ಟ್ರಕ್ಕು ಜಾರದೆ ಜಗ್ಗುತ್ತದೆ, ಹೊರೆ ಹೆಚ್ಚು ಹೊತ್ತು ಗೇರ್‌ಬಾಕ್ಸ್ ಮೇಲೇ ಇರುತ್ತದೆ.

ಮೂರನೆಯದು ಟೈರ್. ಸಾಮಾನ್ಯ ಟೈರ್ ಹೆಚ್ಚು ಬಲ ಬಿದ್ದಾಗ ರಸ್ತೆಯ ಮೇಲೆ ಸುತ್ತುತ್ತದೆ. ಮನೆಯ ಫ್ಯೂಸ್ ಹೋಗಿ ಟಿವಿ ಉಳಿದ ಹಾಗೆ, ಟೈರ್ ಸುತ್ತಿ ಗೇರ್‌ಬಾಕ್ಸ್ ಉಳಿಯುತ್ತದೆ. ರೇಸ್‌ಗೆಂದು ಅಂಟುವ ಟೈರ್ ಹಾಕಿದರೆ ಆ ಫ್ಯೂಸ್ ತೆಗೆದಂತೆ. ಪೆಟ್ಟು ನೇರ ಒಳಗೆ ಹೋಗುತ್ತದೆ.

ಹಾಗಾಗಿ ಅದೇ 500 ಹಾರ್ಸ್ ಪವರ್ ಒಬ್ಬನ ಹಗುರ ಕಾರಿನಲ್ಲಿ ವರ್ಷಗಟ್ಟಲೆ ನಡೆದು, ಇನ್ನೊಬ್ಬನ ಟ್ರಕ್ಕಿನಲ್ಲಿ ಕೆಲವೇ ಓಟಕ್ಕೆ ಗೇರ್‌ಬಾಕ್ಸ್ ಮುರಿಯಬಹುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ನಂಬಿಕೆ 3: ‘ಹಳೇ 3 ಗೇರಿನದೇ ಗಟ್ಟಿ, ಅದನ್ನೇ ಹಾಕಿ’

ಗಟ್ಟಿ ಎನ್ನುವುದು ನಿಜ. ಹಾಕಿದರೆ ಮುಗಿಯಿತು ಎನ್ನುವುದು ಸುಳ್ಳು.

ಟಿಎಚ್400ಗೆ ಮೂರೇ ಗೇರು: 2.48, 1.48 ಮತ್ತು 1.00. ಕೊನೆಯ ಗೇರಿನಲ್ಲಿ ಎಂಜಿನ್ ಒಂದು ಸುತ್ತಿದರೆ ಗೇರ್‌ಬಾಕ್ಸ್‌ನ ಹೊರ ಶಾಫ್ಟೂ ಒಂದು ಸುತ್ತುತ್ತದೆ. ಓವರ್‌ಡ್ರೈವ್ ಇಲ್ಲ. ಇದರ ಅರ್ಥ ರಸ್ತೆಯಲ್ಲಿ ಗೊತ್ತಾಗುತ್ತದೆ.

ಟ್ರಕ್ಕಿನ ಹಿಂದಿನ ಆಕ್ಸಲ್‌ನ ಕ್ರೌನ್-ಪಿನಿಯನ್ ಅನುಪಾತ 3.73, ಟೈರ್ ಎತ್ತರ 28 ಇಂಚು (ಸುಮಾರು 71 ಸೆಂಟಿಮೀಟರ್) ಎಂದುಕೊಳ್ಳಿ. ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿಲೋಮೀಟರ್ ವೇಗದಲ್ಲಿ ಟಿಎಚ್400 ಇದ್ದರೆ ಎಂಜಿನ್ ಸುಮಾರು 2,900 ಆರ್‌ಪಿಎಂನಲ್ಲಿ ಸುತ್ತುತ್ತಿರಬೇಕು. 0.75ರ ಓವರ್‌ಡ್ರೈವ್ ಇರುವ ಗೇರ್‌ಬಾಕ್ಸ್ ಆದರೆ ಸುಮಾರು 2,180 ಸಾಕು. ಪಟ್ಟಿಯಲ್ಲಿ ಚುರುಕಾಗಲೆಂದು 4.10 ಅನುಪಾತ ಹಾಕಿದರೆ ಅಂತರ ಇನ್ನೂ ದೊಡ್ಡದು: ಸುಮಾರು 3,200ಕ್ಕೆ ಎದುರಾಗಿ 2,400.

ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಎರಡು ಗಂಟೆ ಹೋಗುವವನಿಗೆ ಈ ವ್ಯತ್ಯಾಸ ಪೆಟ್ರೋಲ್‌ನಲ್ಲೂ, ಸದ್ದಿನಲ್ಲೂ ಕಾಣುತ್ತದೆ. ಮನೆಯಿಂದ ಟ್ರೈಲರ್ ಮೇಲೆ ಹೇರಿಕೊಂಡು ಪಟ್ಟಿಗೆ ಒಯ್ಯುವವನಿಗೆ ಏನೂ ಅಲ್ಲ.

ಇದಕ್ಕಿಂತ ಸರಳವಾದದ್ದು 1950ರಲ್ಲಿ ಬಂದ ಪವರ್‌ಗ್ಲೈಡ್. ಅದಕ್ಕೆ ಎರಡೇ ಗೇರು, ಮೊದಲನೆಯದು ಸಾಮಾನ್ಯವಾಗಿ 1.76 ಅಥವಾ 1.82. ಹಗುರವಾದ, ಭಾರಿ ಬಲದ ರೇಸ್ ಕಾರಿಗೆ ಅದು ಒಪ್ಪುತ್ತದೆ. ರಸ್ತೆಗೂ ಬೇಕಾದ ಭಾರದ ಟ್ರಕ್ಕಿಗೆ ಅಷ್ಟು ಎತ್ತರದ ಮೊದಲ ಗೇರು ಎಂದರೆ, ಸಿಗ್ನಲ್‌ನಲ್ಲಿ ಪ್ರತಿ ಸಲವೂ ಎರಡನೇ ಗೇರಿನಲ್ಲಿ ಹೊರಟಷ್ಟು ಕಷ್ಟ.

ನಂಬಿಕೆ 4: ‘ಮೊದಲ ಗೇರು ಗಿಡ್ಡ ಇದ್ದಷ್ಟೂ ವೇಗ’

ಅರ್ಧ ಸತ್ಯ. 5.3 ಲೀಟರ್ ಎಂಜಿನ್ ಇರುವ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು 4ಎಲ್60ಇ. ಹೆಸರನ್ನು ಬಿಡಿಸಿದರೆ: 4 ಎಂದರೆ ನಾಲ್ಕು ಗೇರು, ಎಲ್ ಎಂದರೆ ಉದ್ದುದ್ದಕ್ಕೆ ಕೂರುವ ಎಂಜಿನ್ನಿಗೆ ಹೊಂದುವಂಥದ್ದು, 60 ಎಂದರೆ ಬಲದ ದರ್ಜೆ, ಇ ಎಂದರೆ ಎಲೆಕ್ಟ್ರಾನಿಕ್ ನಿಯಂತ್ರಣ. ಅದರ ಅಣ್ಣ 4ಎಲ್80ಇ, 1991ರಲ್ಲಿ ಬಂತು. ಟಿಎಚ್400ರ ವಂಶದ್ದೇ, ಓವರ್‌ಡ್ರೈವ್ ಸೇರಿಸಲಾಗಿದೆ. ದೊಡ್ಡ ಪಿಕಪ್‌ಗಳಿಗೆ ಕೊಡುತ್ತಿದ್ದುದು ಇದನ್ನೇ.

4ಎಲ್60ಇಗೆ ಮೊದಲ ಗೇರು 3.06, ಎರಡನೆಯದು 1.63. ಹೊರಡುವಾಗ ಚೆನ್ನಾಗಿ ಎಳೆಯುತ್ತದೆ. ಆದರೆ ನಡುವಿನ ಅಂತರ ದೊಡ್ಡದು. 6,000 ಆರ್‌ಪಿಎಂನಲ್ಲಿ ಎರಡನೇ ಗೇರಿಗೆ ಹೋದರೆ ಎಂಜಿನ್ ಸುಮಾರು 3,200ಕ್ಕೆ ಇಳಿಯುವ ಲೆಕ್ಕ. 4ಎಲ್80ಇಯಲ್ಲಿ 2.48ರಿಂದ 1.48ಕ್ಕೆ ಹೋಗುವುದರಿಂದ ಇಳಿಯುವುದು ಸುಮಾರು 3,600ಕ್ಕೆ. ಮೇಲಿನ ಆರ್‌ಪಿಎಂನಲ್ಲಿ ಬಲ ಕೊಡುವಂತೆ ತಿದ್ದಿದ ಎಂಜಿನ್ನಿಗೆ ಈ 400 ಆರ್‌ಪಿಎಂ ಸಣ್ಣ ಮಾತಲ್ಲ. ಹಾಗೆಂದು 4ಎಲ್80ಇ ಎಲ್ಲರಿಗೂ ಬೇಕಿಲ್ಲ. ಅದು ದೊಡ್ಡದು, ಭಾರದ್ದು. ಎಂಜಿನ್ ಹೇಗೆ ಬಂತೋ ಹಾಗೇ ಇಟ್ಟು, ಹೆಚ್ಚಾಗಿ ರಸ್ತೆಯಲ್ಲೇ ಓಡಿಸುವವನಿಗೆ ಒಳ್ಳೆಯ ಸ್ಥಿತಿಯ 4ಎಲ್60ಇ ಸಾಕು.

ನಂಬಿಕೆ 5: ‘ಕಂಪ್ಯೂಟರ್ ಬೇಡ ಅಂದರೆ 700ಆರ್4 ಹಾಕಿ, ಕೇಬಲ್ ಸಿಕ್ಕಿಸಿದರೆ ಸಾಕು’

ಅಪಾಯದ ಮಾತು. 4ಎಲ್60ಇಯ ಹಿಂದಿನ ತಲೆಮಾರು 700ಆರ್4. ಓವರ್‌ಡ್ರೈವ್ ಇದೆ, ಗೇರ್ ಬದಲಿಸಲು ಕಂಪ್ಯೂಟರ್ ಬೇಕಿಲ್ಲ. ಆಕ್ಸಿಲರೇಟರ್‌ನಿಂದ ಒಂದು ಕೇಬಲ್ ಅದಕ್ಕೆ ಹೋಗುತ್ತದೆ. ಹಳೆಯ ಟಿಎಚ್350 ಗೇರ್‌ಬಾಕ್ಸ್‌ಗೂ ಇಂಥದ್ದೇ ಕೇಬಲ್ ಇತ್ತು. ಅದು ಜೋರಾಗಿ ತುಳಿದಾಗ ಕೆಳಗಿನ ಗೇರಿಗೆ ಇಳಿಸುತ್ತಿತ್ತು, ಅಷ್ಟೇ. ಅದಿಲ್ಲದೆಯೂ ಗಾಡಿ ಓಡುತ್ತಿತ್ತು.

700ಆರ್4ನಲ್ಲಿ ಆ ಕೇಬಲ್ ಒಳಗಿನ ಎಣ್ಣೆಯ ಒತ್ತಡವನ್ನೇ ನಿರ್ಧರಿಸುತ್ತದೆ. ಸಡಿಲವಾಗಿದ್ದರೆ ಒತ್ತಡ ಸಾಲದೆ ಕ್ಲಚ್ ಪ್ಲೇಟುಗಳು ಜಾರಿ ಸುಡುತ್ತವೆ. ಹೊಸದಾಗಿ ಬಿಚ್ಚಿ ಕಟ್ಟಿದ ಗೇರ್‌ಬಾಕ್ಸ್ ಕೂಡ ಒಂದೇ ಓಟದಲ್ಲಿ ಹಾಳಾಗಬಹುದು. ‘700ಆರ್4 ಕಳಪೆ’ ಎನ್ನುವವರಲ್ಲಿ ಎಷ್ಟೋ ಜನ ಸುಟ್ಟುಕೊಂಡದ್ದು ಈ ಕೇಬಲ್‌ನಿಂದ.

ಯಾರೂ ಹೇಳದ ಮೂರು ವಿಷಯ

ಶಾಖ: ಆಟೊಮ್ಯಾಟಿಕ್‌ನ ದೊಡ್ಡ ಶತ್ರು ಬಿಸಿ. ರೇಸ್‌ಗೆ ಹೆಚ್ಚು ಆರ್‌ಪಿಎಂವರೆಗೆ ಜಾರುವ ಟಾರ್ಕ್ ಕನ್ವರ್ಟರ್ ಹಾಕುತ್ತಾರೆ. ರಸ್ತೆಯಲ್ಲಿ ಅದೇ ಜಾರುವಿಕೆ ಎಣ್ಣೆಯನ್ನು ಕಾಯಿಸುತ್ತದೆ. 700ಆರ್4, 4ಎಲ್60ಇ, 4ಎಲ್80ಇಗಳಲ್ಲಿ ಹೆದ್ದಾರಿಯ ವೇಗದಲ್ಲಿ ಕನ್ವರ್ಟರ್ ಅನ್ನು ಜಾರದಂತೆ ಬಿಗಿಹಿಡಿಯುವ ಲಾಕ್‌ಅಪ್ ಕ್ಲಚ್ ಇರುತ್ತದೆ. ಟಿಎಚ್400ನಲ್ಲಿ ಅದಿಲ್ಲ. ಯಾವುದನ್ನೇ ಹಾಕಿದರೂ ಗೇರ್‌ಬಾಕ್ಸ್ ಎಣ್ಣೆಗೆ ಪ್ರತ್ಯೇಕ ಕೂಲರ್ ಮತ್ತು ಬಿಸಿ ತೋರಿಸುವ ಮೀಟರ್ ಹಾಕಿಸುವುದು ದುಂದುವೆಚ್ಚವಲ್ಲ.

ಜೋಡಣೆ: ಹಳೆಯ ಟಿಎಚ್350, ಟಿಎಚ್400ರ ಬೋಲ್ಟುಗಳು ಎಲ್‌ಎಸ್ ಎಂಜಿನ್ನಿಗೆ ಬಹುಪಾಲು ಹೊಂದುತ್ತವೆ. ಹೀಗಾಗಿ ‘ನೇರ ಕೂರುತ್ತೆ’ ಎಂಬ ಮಾತು ಹುಟ್ಟಿದೆ. ಆದರೆ ಬಹುತೇಕ ಎಲ್‌ಎಸ್ ಎಂಜಿನ್‌ಗಳ ಕ್ರ್ಯಾಂಕ್‌ಶಾಫ್ಟ್‌ನ ತುದಿ ಹಳೆಯ ಎಂಜಿನ್ನಿಗಿಂತ ಸುಮಾರು 10 ಮಿಲಿಮೀಟರ್ ಒಳಗಿದೆ. ಆ ಅಂತರ ತುಂಬುವ ಸ್ಪೇಸರ್ ಮತ್ತು ಹೊಂದುವ ಫ್ಲೆಕ್ಸ್‌ಪ್ಲೇಟ್ ಇಲ್ಲದಿದ್ದರೆ ಕನ್ವರ್ಟರ್‌ಗೆ ಆಸರೆ ಸಿಗದೆ ಗೇರ್‌ಬಾಕ್ಸ್‌ನ ಎಣ್ಣೆ ಪಂಪು ಹಾಳಾಗುತ್ತದೆ. ಉದ್ದ ಬದಲಾದರೆ ಪ್ರೊಪೆಲ್ಲರ್ ಶಾಫ್ಟನ್ನೂ ಕತ್ತರಿಸಿ ಸರಿಮಾಡಬೇಕು.

ಸುರಕ್ಷತೆ: ಗೇರ್‌ಬಾಕ್ಸ್ ಕೂರುವುದು ಚಾಲಕನ ಕಾಲಿನ ಪಕ್ಕದಲ್ಲೇ. ಭಾರಿ ವೇಗದಲ್ಲಿ ಸುತ್ತುವ ಡ್ರಮ್ ಒಡೆದರೆ ಲೋಹದ ಚೂರುಗಳು ತಗಡನ್ನು ಸೀಳಿ ಒಳಗೆ ಬರಬಲ್ಲವು. ಇದಕ್ಕೇ ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ಅತಿ ವೇಗದ ವಾಹನಗಳಿಗೆ ಗೇರ್‌ಬಾಕ್ಸ್ ಸುತ್ತ ರಕ್ಷಾ ಕವಚ ಕಡ್ಡಾಯ ಮಾಡಿದೆ. ಗೇರಿನಲ್ಲಿದ್ದಾಗ ಎಂಜಿನ್ ಚಾಲೂ ಆಗದಂತೆ ತಡೆಯುವ ಸ್ವಿಚ್ ಕೂಡ ಅಲ್ಲಿ ಬೇಕೇ ಬೇಕು.

ಹಾಗಾದರೆ ಯಾವುದು ಸರಿ?

ಟ್ರಕ್ಕು ತನ್ನ ಹೆಚ್ಚಿನ ಸಮಯವನ್ನು ಎಲ್ಲಿ ಕಳೆಯುತ್ತದೆ ಎಂಬುದೇ ಮೊದಲ ಪ್ರಶ್ನೆ.

• ರಸ್ತೆಯೇ ಹೆಚ್ಚು, ಎಂಜಿನ್ ಮೂಲ ಸ್ಥಿತಿಯಲ್ಲೇ ಇದೆ: 4ಎಲ್60ಇ.
• ಹೆದ್ದಾರಿಯೂ ಬೇಕು, ಪಟ್ಟಿಯೂ ಬೇಕು, ಟರ್ಬೊ ಹಾಕುವ ಆಸೆಯೂ ಇದೆ: 4ಎಲ್80ಇ. 1999ರ ನಂತರದ ಎಷ್ಟೋ ಪಿಕಪ್‌ಗಳ ಕಂಪ್ಯೂಟರನ್ನು ಮರುಪ್ರೋಗ್ರಾಂ ಮಾಡಿ ಇದಕ್ಕೂ ಬಳಸಬಹುದು.
• ಪಟ್ಟಿಯೇ ಹೆಚ್ಚು, ಊರೊಳಗೆ ಸ್ವಲ್ಪ ಓಡಾಟ, ವೈರಿಂಗ್ ತಲೆನೋವು ಬೇಡ: ಟಿಎಚ್400.

ಗೇರ್‌ಬಾಕ್ಸ್, ಕನ್ವರ್ಟರ್, ಹಿಂದಿನ ಆಕ್ಸಲ್, ಟೈರ್, ಈ ನಾಲ್ಕನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು. ಒಂದನ್ನು ಮಾತ್ರ ಗಟ್ಟಿ ಮಾಡಿದರೆ ಮುರಿಯುವ ಜಾಗ ಬದಲಾಗುತ್ತದೆ, ಮುರಿಯುವುದು ತಪ್ಪುವುದಿಲ್ಲ.

ನಮ್ಮಲ್ಲಿ ಇದನ್ನು ಮಾಡಬಹುದೇ?

ವಿಡಿಯೊ ನೋಡಿ ನಮ್ಮೂರ ಗ್ಯಾರೇಜಿನಲ್ಲಿ ಪ್ರಯೋಗಕ್ಕೆ ಹೊರಡುವ ಮುನ್ನ ಇದನ್ನು ತಿಳಿಯಿರಿ. ಭಾರತದ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಎಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಬೇಕು. ಅನುಮತಿ ಇಲ್ಲದ ಗಾಡಿ ಅಪಘಾತಕ್ಕೀಡಾದರೆ ವಿಮೆಯ ಹಣಕ್ಕೂ ತಕರಾರು ಬರಬಹುದು.

ಇನ್ನೊಂದು ಮಾತು. ನಮ್ಮಲ್ಲಿ ಮಾರಾಟವಾಗುವ ಅಗ್ಗದ ‘ಆಟೊಮ್ಯಾಟಿಕ್’ ಕಾರುಗಳಲ್ಲಿ ಎಷ್ಟೋ ಎಎಂಟಿ ಬಗೆಯವು. ಅವುಗಳ ಒಳಗಿರುವುದು ಮಾಮೂಲಿ ಗೇರ್‌ಬಾಕ್ಸ್ ಮತ್ತು ಕ್ಲಚ್ಚೇ, ತುಳಿಯುವ ಕೆಲಸವನ್ನು ಯಂತ್ರ ಮಾಡುತ್ತದೆ. ಟಾರ್ಕ್ ಕನ್ವರ್ಟರ್ ಇಲ್ಲ. ಮೇಲಿನ ಲೆಕ್ಕವನ್ನು ಅವಕ್ಕೆ ಅನ್ವಯಿಸಬೇಡಿ.

ಮುಂದಿನ ಸಲ ‘ಈ ಗೇರ್‌ಬಾಕ್ಸ್ 1,000 ಹಾರ್ಸ್ ಪವರ್ ತಡೆಯುತ್ತೆ’ ಎಂಬ ಫಾರ್ವರ್ಡ್ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಿ: ಎಷ್ಟು ತೂಕದ ಗಾಡಿಯಲ್ಲಿ? ಯಾವ ಟೈರ್ ಮೇಲೆ? ದಿನಕ್ಕೆ ಎಷ್ಟು ದೂರ ಓಡಿಸಿದಾಗ? ಉತ್ತರ ಇಲ್ಲದಿದ್ದರೆ ಅದು ಮಾಹಿತಿ ಅಲ್ಲ, ಜಾಹೀರಾತು.