ಓರೆ ನಿಂತ ಅಕ್ಷರ

ಯಾದಗಿರಿ ಜಿಲ್ಲೆಯ ಗುರುಮಠಕಲ್ ಗಡಿಯ ಪಟ್ಟಣ. ತೆಲಂಗಾಣ ಅದರ ಮಗ್ಗುಲಲ್ಲೇ ಇದೆ. ೧೯೪೮ರವರೆಗೆ ನಿಜಾಮರ ಆಳ್ವಿಕೆಯನ್ನೂ ೧೯೫೬ರವರೆಗೆ ಹೈದರಾಬಾದ್ ರಾಜ್ಯವನ್ನೂ ಕಂಡ ಈ ನೆಲಕ್ಕೆ ಕನ್ನಡ, ತೆಲುಗು, ಉರ್ದು ಮೂರೂ ಲಿಪಿಗಳು ಹಳೆಯ ನೆಂಟರು. ಉರ್ದುವಿನ ನಸ್ತಾಲಿಖ್ ಬರಹದಲ್ಲಿ ಪದವು ಬಲದ ಮೇಲಿನಿಂದ ಎಡದ ಕೆಳಕ್ಕೆ ಜಾರುತ್ತದೆ. ಓರೆ ಅದರ ಹುಟ್ಟುಗುಣ. ಕನ್ನಡ ತೆಲುಗುಗಳಾದರೋ ದುಂಡಗೆ, ನೆಟ್ಟಗೆ ಕುಳಿತುಕೊಳ್ಳುವ ಲಿಪಿಗಳು. ಹಾಗಿದ್ದೂ ಲಾರಿಯ ಹಣೆಯ ಮೇಲೆ, ಸೈಕಲ್ ಅಂಗಡಿಯ ಬೋರ್ಡಿನ ಮೇಲೆ, ಸಿನಿಮಾ ಭಿತ್ತಿಪತ್ರದ ಮೇಲೆ ದಪ್ಪನೆಯ ಕನ್ನಡ ಅಕ್ಷರಗಳು ಬಲಕ್ಕೆ ವಾಲಿ, ಓಡುವವನ ಭಂಗಿಯಲ್ಲಿ ನಿಂತಿರುವುದನ್ನು ನೋಡದವರಾರು?

ಈ ಭಂಗಿ ಎರವಲಿನದು. ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಷಿಯಸನು ೧೫೦೧ರಲ್ಲಿ ವರ್ಜಿಲ್ ಕವಿಯ ಕೃತಿಗಳನ್ನು, ಕೈಬರಹದ ಓಟವನ್ನು ಅನುಸರಿಸಿದ ಓರೆ ಮೊಳೆಗಳಲ್ಲಿ ಅಚ್ಚುಹಾಕಿದನು. ಗೆರೆಯ ತುದಿಯ ಪುಟ್ಟ ಅಡ್ಡಗೀಟುಗಳನ್ನು ತೊರೆದ ಬೋಳು ಮೊಳೆಗಳು ೧೮೧೬ರ ಸುಮಾರಿಗೆ ಲಂಡನ್ನಿನ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ನನ ಮಾದರಿ ಪುಸ್ತಕದಲ್ಲಿ ಕಾಣಿಸಿಕೊಂಡವು. ೧೮೧೭ರಲ್ಲಿ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ಅಚ್ಚಾಯಿತು. ರೋಮನ್ ಲಿಪಿಗೆ ಮೂರು ಶತಮಾನಗಳ ರೂಢಿಯಾಗಿದ್ದ ಓರೆ, ಕನ್ನಡಕ್ಕೆ ಹೊಸ ಉಡುಪು.

ಉಡುಪು ಮೈಗೆ ಹೊಂದಬೇಕಷ್ಟೆ! ಅಕ್ಷರವನ್ನು ದಪ್ಪಮಾಡಿದಾಗ ಮೊದಲ ಪೆಟ್ಟು ಬೀಳುವುದು ಮಹಾಪ್ರಾಣಕ್ಕೆ. ದ-ಧ, ಪ-ಫ, ಬ-ಭ ಜೋಡಿಗಳ ಅಂತರವೆಲ್ಲ ಬುಡದ ಒಂದು ಸಣ್ಣ ಸೀಳಿನಲ್ಲಿದೆ. ಬಣ್ಣವು ಆ ಸೀಳನ್ನು ನುಂಗಿದರೆ ‘ಧನಸಹಾಯ’ವು ‘ದನಸಹಾಯ’ವಾಗುತ್ತದೆ. ಓದು ಬಲ್ಲವರು ನಕ್ಕು ಮುಂದೆ ಹೋಗುತ್ತಾರೆ. ಅಕ್ಷರ ಕೂಡಿಸಿ ಓದುವವನು ತಪ್ಪು ತನ್ನದೇ ಎಂದು ನಾಚಿ ಸುಮ್ಮನಾಗುತ್ತಾನೆ. ತಪ್ಪು ಅವನದಲ್ಲ, ಬರೆದವನದು.

ವಾಲಿಸಿದಾಗ ಎರಡನೆಯ ಪೆಟ್ಟು ಒತ್ತಕ್ಷರಕ್ಕೆ. ಗಣಕಯಂತ್ರದ ಗುಂಡಿಯೊತ್ತಿ ಅಕ್ಷರವನ್ನು ಬಾಗಿಸಿದರೆ ತಲೆಕಟ್ಟು ಬಲಕ್ಕೆ ಸರಿಯುತ್ತದೆ, ಕೆಳಗಿನ ಒತ್ತು ಎಡಕ್ಕೆ ಸರಿಯುತ್ತದೆ. ‘ರಾಷ್ಟ್ರ’ದ ಒತ್ತುಗಳು ‘ಷ’ವನ್ನು ಬಿಟ್ಟು ನೆರೆಯ ‘ರಾ’ದ ಮನೆಗೆ ಹೊರಟಂತೆ ತೋರುತ್ತವೆ. ದುಂಡು ಹೊಟ್ಟೆ ಸೊಟ್ಟ ಮೊಟ್ಟೆಯಾಗುತ್ತದೆ. ಆದುದರಿಂದಲೇ ಬಲ್ಲ ವಿನ್ಯಾಸಕಾರನು ನೆಟ್ಟಗಿನ ಅಕ್ಷರವನ್ನು ಬಾಗಿಸುವುದಿಲ್ಲ; ಪ್ರತಿಯೊಂದನ್ನೂ ಓರೆಯಾಗಿಯೇ ಹೊಸದಾಗಿ ಬರೆಯುತ್ತಾನೆ. ಸೀಳನ್ನು ಅಗಲಿಸುತ್ತಾನೆ, ಒತ್ತನ್ನು ಬಲಕ್ಕೆ ಎಳೆದು ಕೂರಿಸುತ್ತಾನೆ, ಗೆರೆಗಳು ಕೂಡುವಲ್ಲಿ ದಪ್ಪವನ್ನು ತಗ್ಗಿಸುತ್ತಾನೆ.

ಹೀಗೆ ತಿದ್ದಿದ ಅಕ್ಷರವನ್ನು ಆಟೋಟದ ಫಲಕಕ್ಕೆ, ಜಾತ್ರೆಯ ನಾಟಕದ ಹೆಸರಿಗೆ, ಅಂಗಡಿಯ ಹಣೆಗೆ ಧಾರಾಳವಾಗಿ ಬಳಸಬಹುದು. ಬಸ್ಸಿನ ಮೇಲಿನ ಊರಿನ ಹೆಸರಿಗೆ, ಔಷಧದ ಚೀಟಿಗೆ, ಆಮಂತ್ರಣದ ಒಳಬರಹಕ್ಕೆ ನೆಟ್ಟಗೆ ನಿಂತ ಅಕ್ಷರವೇ ಮೇಲು. ನಾರಾಯಣಪೇಟೆಯ ಕಡೆಯಿಂದ ಗುರುಮಠಕಲ್ಲಿಗೆ ಬಂದಿಳಿದು, ತನಗೆ ತಿಳಿದ ತೆಲುಗಿನ ನೆರವಿನಿಂದ ಕನ್ನಡವನ್ನು ಬಿಡಿಸಿ ಓದುವ ಪ್ರಯಾಣಿಕನೂ ಓದುಗನೇ. ಬೋರ್ಡು ಬರೆದವನು ಏಣಿಯಿಂದಿಳಿದು, ಬೀದಿಯ ಆಚೆ ಬದಿಗೆ ಹೋಗಿ, ಆ ಪ್ರಯಾಣಿಕನ ಕಣ್ಣಿನಿಂದ ಒಮ್ಮೆ ನೋಡಲಿ. ‘ಧ’ದ ಸೀಳು ಅಲ್ಲಿಗೆ ಕಂಡರೆ ಏಣಿಯನ್ನು ಎತ್ತಿಡಬಹುದು.