ಯಂತ್ರದ ಲೆಕ್ಕ, ಕೆಲಸಗಾರನ ಕಣ್ಣು

ಕಲಾ ವಿಭಾಗದ ವಿದ್ಯಾರ್ಥಿಗೆ ಕಟ್ಟಡಗಳ ಭಾರದ ಲೆಕ್ಕ ಏತಕ್ಕೆ ಎಂದು ವಾಚಕರು ನಗಬಹುದು. ನಗಲಿ. ಆ ಲೆಕ್ಕವನ್ನು ನಂಬಿ ಮಾಡಿನಡಿ ಕುಳಿತುಕೊಳ್ಳುವವರು ನಾವೂ ಅಲ್ಲವೇ?

ಹಿಂದೆ ಇಂಜಿನಿಯರರು ದಿನಗಟ್ಟಲೆ ಕುಳಿತು ಬಿಡಿಸುತ್ತಿದ್ದ ಸಮೀಕರಣಗಳನ್ನು ಇಂದು ಗಣಕಯಂತ್ರವು ಕ್ಷಣಮಾತ್ರದಲ್ಲಿ ಬಿಡಿಸುತ್ತದೆ. ಕಟ್ಟಡವನ್ನು ಸಾವಿರಾರು ಸಣ್ಣ ತುಂಡುಗಳೆಂದು ಭಾವಿಸಿ, ಒಂದೊಂದು ತುಂಡೂ ಭಾರಕ್ಕೆ ಎಷ್ಟು ಬಾಗುವುದೆಂದು ಹೇಳುತ್ತದೆ. ಅದ್ಭುತವೇ ಸರಿ. ಆದರೆ ಆ ತುಂಡುಗಳು ಒಂದಕ್ಕೊಂದು ಹೇಗೆ ಕೂಡಿವೆಯೆಂಬುದನ್ನು ಯಂತ್ರಕ್ಕೆ ತಿಳಿಸುವವನು ಮನುಷ್ಯ.

ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ 1970ರ ದಶಕದಲ್ಲಿ ಒಂದು ದೊಡ್ಡ ಕ್ರೀಡಾಮಂದಿರವನ್ನು ಕಟ್ಟಿದರು. ಅದರ ಮಾಡು 300 ಅಡಿ ಅಗಲ, 360 ಅಡಿ ಉದ್ದದ ಉಕ್ಕಿನ ಜಾಲ. ಗಣಕಯಂತ್ರದ ಲೆಕ್ಕದಿಂದ ಉಕ್ಕು ಬಹಳ ಉಳಿಯಿತೆಂದು ಎಲ್ಲರಿಗೂ ಹಿಗ್ಗು. ಮೇಲಿನ ಸರಳುಗಳಿಗೆ ನಡುನಡುವೆ ಆಧಾರವಿದೆಯೆಂದು ಆ ಲೆಕ್ಕದಲ್ಲಿ ಹಿಡಿದಿದ್ದರು. ಕಟ್ಟಿದ ಜಾಲದಲ್ಲಿ ಅಂತಹ ಆಧಾರ ಸಾಕಷ್ಟಿರಲಿಲ್ಲ. ಮಾಡನ್ನು ಮೇಲೇರಿಸಿದಾಗ ಅದು ಲೆಕ್ಕ ಹೇಳಿದುದರ ಎರಡರಷ್ಟು ಜಗ್ಗಿತು! ಅಂಚಿಗೆ ಫಲಕ ಜೋಡಿಸಲು ಬಂದವರು, ರಂಧ್ರಗಳೇ ಕೂಡುತ್ತಿಲ್ಲವೆಂದು ದೂರಿದರು. ಹೇಗಾದರೂ ಕೂಡಿಸಿರಿ, ತಡವಾದರೆ ಹೊಣೆ ನಿಮ್ಮದು ಎಂಬ ಉತ್ತರ ಬಂದಿತು. ಅವರು ಕತ್ತರಿಸಿ, ಬೆಸುಗೆ ಹಾಕಿ ಕೂಡಿಸಿದರು.

1978ರ ಜನವರಿ 18ರ ನಸುಕಿನಲ್ಲಿ, ಹಿಮದ ಭಾರಕ್ಕೆ ಆ ಮಾಡು ನೆಲಕ್ಕೆ ಬಿದ್ದಿತು. ಕೆಲವೇ ಗಂಟೆಗಳ ಹಿಂದೆ ಸುಮಾರು 5,000 ಜನ ಅಲ್ಲಿ ಕುಳಿತು ಬ್ಯಾಸ್ಕೆಟ್‌ಬಾಲ್ ಪಂದ್ಯ ನೋಡಿ ಹೋಗಿದ್ದರು. ಯಾರಿಗೂ ಪೆಟ್ಟಾಗಲಿಲ್ಲವೆಂಬುದು ದೈವಕೃಪೆಯೇ ಹೊರತು ಯಾರ ಜಾಣತನವೂ ಅಲ್ಲ.

ಯಂತ್ರವನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಕೇಳಿದ ಪ್ರಶ್ನೆಗೆ ಅದು ಸರಿಯಾಗಿಯೇ ಉತ್ತರಿಸಿತು. ಪ್ರಶ್ನೆಯಲ್ಲಿದ್ದ ಮಾಡು ಬೇರೆ, ಕಟ್ಟಿದ ಮಾಡು ಬೇರೆ. ಕೈಯಿಂದ ಲೆಕ್ಕ ಹಾಕುವವರೂ ತಪ್ಪುವುದುಂಟು. ನನ್ನನ್ನು ಕಾಡುವುದು ಆ ಫಲಕದವರ ಮಾತು. ಕೂಡದ ರಂಧ್ರವೂ ಒಂದು ಅಳತೆಯೇ ಅಲ್ಲವೇ? ಅದನ್ನು ಹೇಳಿದವನು ಕೂಲಿಯವನೆಂಬ ಕಾರಣಕ್ಕೆ ಅದು ಲೆಕ್ಕಕ್ಕೆ ಬಾರದೆ ಹೋಯಿತೇ?

ನನ್ನ ತಂದೆಯವರು ಗಾರೆ ಕೆಲಸದವರು; ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತಾರಸಿಗೆ ಸೆಂಟ್ರಿಂಗ್ ಹಲಗೆ ಹೊಂದಿಸಿದ ಮೇಲೆ ದಾರವೆಳೆದು ನೋಡುವರು. ನಡುವೆ ಬೆರಳು ತೂರಿದರೆ, ಮೇಸ್ತ್ರಿ ಎಷ್ಟು ಅವಸರಪಡಿಸಿದರೂ ಕಾಂಕ್ರೀಟು ಹಾಕಗೊಡರು. ಇದಕ್ಕಾಗಿ ಕೂಲಿ ಕಳೆದುಕೊಂಡ ದಿನವೂ ಉಂಟು. ಕಂಡ ಬಾಗು ಲೆಕ್ಕದ ಬಾಗನ್ನು ಮೀರಿದಾಗ ಕೆಲಸವನ್ನು ನಿಲ್ಲಿಸುವ ಹಕ್ಕು ಅಂತಹವರಿಗೆ ಕಾಗದದ ಮೇಲೆಯೇ ದೊರೆಯಬೇಕೆಂದು ನಾನು ವಾದಿಸುತ್ತೇನೆ. ನಿಂತ ದಿನದ ಕೂಲಿಯೂ ಸಹ.