ಎಡ ಅಂದ್ರ ಕೇಡಲ್ಲ

ಗೆಳೆಯರೇ, ಹಳ್ಳಿಸಾಲಿಯ ಮಾಸ್ತರರೇ,

ಇಂಗ್ಲಿಷಿನಲ್ಲಿ ‘ಸಿನಿಸ್ಟರ್’ ಎಂಬ ಶಬ್ದ ಅದ. ಅಪಶಕುನ, ಕೇಡಿನ ಸೂಚನೆ, ಹೊಂಚು ಹಾಕಿ ಕುಂತ ಕೆಡುಕು ಎಂದು ಅದರ ಅರ್ಥ. ಬೇರು ಕಿತ್ತು ನೋಡ್ರಿ: ಲ್ಯಾಟಿನ್ನಿನಲ್ಲಿ ಅದು ಬರೇ ‘ಎಡ’. ಬಲಕ್ಕೆ ‘ಡೆಕ್ಸ್ಟರ್’, ಅದರಿಂದ ಹುಟ್ಟಿದ ಇಂಗ್ಲಿಷ್ ಶಬ್ದಕ್ಕೆ ಕೈಚಳಕ ಎಂದರ್ಥ. ಬಲಕ್ಕೆ ಜಾಣತನ, ಎಡಕ್ಕೆ ಕೇಡು!

ರೋಮಿನ ಶಕುನಗಾರರು ಮೊದಲು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲುತ್ತಿದ್ದರು. ಹೊತ್ತು ಮೂಡುವ ದಿಕ್ಕು ಅವರ ಎಡಕ್ಕೆ. ಆಗ ಎಡವೇ ಶುಭ. ಗ್ರೀಕರು ಉತ್ತರಕ್ಕೆ ಮುಖ ಮಾಡಿದವರು. ಅವರಿಗೆ ಎಡ ಅಶುಭ. ಗ್ರೀಕರ ಪದ್ಧತಿ ರೋಮಿಗೆ ಹೊಕ್ಕಿತು, ಎಡ ಕೆಟ್ಟಿತು. ಹಕ್ಕಿ ಬದಲಾಗಲಿಲ್ಲ, ಆಕಾಶ ಬದಲಾಗಲಿಲ್ಲ. ನೋಡುವವನು ತಿರುಗಿ ನಿಂತ, ಅಷ್ಟೆ. ನಮ್ಮ ‘ಶಕುನ’ವೂ ಸಂಸ್ಕೃತದಲ್ಲಿ ಹಕ್ಕಿಯೇ. ಹಾರಿಹೋಗುವ ಹಕ್ಕಿಯ ರೆಕ್ಕೆಗೆ ನಮ್ಮ ಹಣೆಬರಹ ಕಟ್ಟಿದವರು ಯಾರು?

ಇಲ್ಲಿ ಎಡ ಬಲ ಮನುಷ್ಯರ ಮೈಮೇಲೆಯೇ ಬಂದವು. ಮಾದಿಗರು ಎಡಗೈ, ಹೊಲೆಯರು ಬಲಗೈ ಎಂದು ಒಡೆದರು. ಬಲಗೈ ಅನ್ನಿಸಿಕೊಂಡವರಿಗೆ ಊರ ಬಾವಿ ಸಿಕ್ಕಿತೇನು? ಮೇಲೆ ಕುಂತವನಿಗೆ ಇಬ್ಬರೂ ಎದುರು ಬರಬಾರದವರು.

ಇಂಡಿಯ ನಿಂಬಿತೋಟದಾಗ ಕೂಲಿಗೆ ಹೋದ ನಮ್ಮವ್ವ ಹರಿದ ಹಣ್ಣು ದೃಷ್ಟಿ ತೆಗೀಲಿಕ್ಕೆ ಬೇಕು. ಅದೇ ಅವ್ವ ಗಂಡ ಸತ್ತಾಕಿಯಾಗಿ ಎದುರು ಬಂದ್ರ ಅಪಶಕುನ! ಸಿಂದಗಿ, ಮುದ್ದೇಬಿಹಾಳದ ಕಡೆ ಮದುವಿಗೆ ನಮ್ಮ ಹಲಗಿ ಬೇಕು. ಬಾರಿಸಿದವನು ಹಂದರದ ಹೊರಗ. ಹಲಗಿ ನುಡೀಬೇಕಾದ್ರ ಎಡಗೈಯ ಕಡ್ಡಿಯೂ ಬೇಕು, ತಿಳೀರಿ.

ಬಸವನ ಬಾಗೇವಾಡಿಯ ನೆಲದಲ್ಲಿ ಹುಟ್ಟಿದ ಬಸವಣ್ಣ 12ನೇ ಶತಮಾನದಲ್ಲೇ ಮಾದಾರ ಚೆನ್ನಯ್ಯನ ನಂಟು ಹೇಳಿಕೊಂಡ. ಶರಣರು ತಿಥಿ, ವಾರ, ಶಕುನಗಳನ್ನು ತಳ್ಳಿಹಾಕಿದರು. ಅವರ ಫೋಟೋಕ್ಕೆ ಹಾರ ಹಾಕುವವರು ಇಂದು ರಾಹುಕಾಲ ನೋಡಿ ಹೊಸ್ತಿಲು ದಾಟುತ್ತಾರೆ! 2017ರಲ್ಲಿ ವಿಧಾನಮಂಡಲ ಮೌಢ್ಯಾಚರಣೆ ವಿರೋಧಿ ಕಾಯ್ದೆ ಒಪ್ಪಿತು, 2020ರಲ್ಲಿ ಅದು ಜಾರಿಗೆ ಬಂತು. ಜ್ಯೋತಿಷ್ಯ, ವಾಸ್ತುವನ್ನು ಮಾತ್ರ ಹೊರಗಿಟ್ಟರು. ಪಂಚಾಂಗದ ಅಂಗಡಿಗೆ ಬೀಗ ಬೀಳಲಿಲ್ಲ.

ಮಾಸ್ತರರೇ, ಎಡಗೈಲಿ ಬರೆಯುವ ಕೂಸಿನ ಬೆರಳಿಗೆ ಪಟ್ಟಿ ಏಟು ಕೊಡಬ್ಯಾಡ್ರಿ. ಈ ಶಬ್ದದ ಕಥಿ ಹೇಳ್ರಿ. ಗೆಳೆಯರೇ, ಎಡಗೈ ಬಲಗೈ ಎರಡೂ ಕೂಡಿದರೇ ಮುಷ್ಟಿಯೊಳಗ ಗುದ್ದಲಿ ನಿಲ್ಲೋದು. ಅಪಶಕುನ ಅಂದವನನ್ನು ನಿಲ್ಲಿಸಿ ಒಂದೇ ಮಾತು ಕೇಳ್ರಿ: ನೀ ಯಾವ ಕಡೆ ಮುಖ ಮಾಡಿ ನಿಂತೀಯಪಾ?